ಹ್ಯಾರೋ ಶಾಲೆಯ ಹೆಸರಾಂತ ಹಳೆಯ ವಿದ್ಯಾರ್ಥಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾರೋ ಎಲ್ಲಿದೆ, ಎಷ್ಟು ಹಳೆಯದು?

ಲಂಡನ್ನಿನ ವಾಯವ್ಯಕ್ಕೆ ಹ್ಯಾರೋ ಆನ್ ದ ಹಿಲ್ ಎಂಬ ಗುಡ್ಡವಿದೆ, ಶಾಲೆ ಅದರ ಮೇಲಿದೆ. ಪ್ರೆಸ್ಟನ್ ಊರಿನ ಜಾನ್ ಲಿಯಾನ್ ಎಂಬ ಅನುಕೂಲಸ್ಥ ರೈತ 1572ರಲ್ಲಿ ಒಂದನೇ ಎಲಿಜಬೆತ್ ರಾಣಿಯಿಂದ ಸನ್ನದು ಪಡೆದು ಇದನ್ನು ಸ್ಥಾಪಿಸಿದ. ಮೊದಲ ಕಟ್ಟಡ ಮುಗಿದದ್ದು 1615ರಲ್ಲಿ, ಲಿಯಾನ್ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಈಗಲೂ ಇದು ಗಂಡುಮಕ್ಕಳ ವಸತಿ ಶಾಲೆ. ಎಂಟುನೂರಕ್ಕೂ ಹೆಚ್ಚು ಹುಡುಗರಿದ್ದಾರೆ. ಎಲ್ಲರೂ ಹೌಸ್ ಎಂಬ ವಸತಿ ಮನೆಗಳಲ್ಲೇ ಇರುತ್ತಾರೆ. ಇಲ್ಲಿ ಓದಿ ಹೋದವರನ್ನು ಓಲ್ಡ್ ಹ್ಯಾರೋವಿಯನ್ ಎನ್ನುತ್ತಾರೆ.

ಎಷ್ಟು ಪ್ರಧಾನ ಮಂತ್ರಿಗಳು ಇಲ್ಲಿ ಓದಿದ್ದಾರೆ?

ಬ್ರಿಟನ್ನಿನವರು ಏಳು ಮಂದಿ: ಸ್ಪೆನ್ಸರ್ ಪರ್ಸಿವಲ್, ಲಾರ್ಡ್ ಗೊಡ್ರಿಚ್, ರಾಬರ್ಟ್ ಪೀಲ್, ಲಾರ್ಡ್ ಅಬರ್ಡೀನ್, ಲಾರ್ಡ್ ಪಾಮರ್‌ಸ್ಟನ್, ಸ್ಟ್ಯಾನ್ಲಿ ಬಾಲ್ಡ್ವಿನ್, ವಿನ್‌ಸ್ಟನ್ ಚರ್ಚಿಲ್. ಜವಾಹರಲಾಲ್ ನೆಹರು ಸೇರಿದರೆ ಎಂಟು. ಎಣಿಕೆಯಲ್ಲಿ ಇಂಗ್ಲೆಂಡಿನ ಇನ್ನೊಂದು ಹೆಸರಾಂತ ಶಾಲೆ ಈಟನ್ ಬಹಳ ಮುಂದಿದೆ, ಅಲ್ಲಿಂದ ಬಂದ ಬ್ರಿಟಿಷ್ ಪ್ರಧಾನಿಗಳೇ ಇಪ್ಪತ್ತು. ಪರ್ಸಿವಲ್ 1812ರ ಮೇ 11ರಂದು ಸಂಸತ್ ಭವನದಲ್ಲೇ ಗುಂಡೇಟಿಗೆ ಬಲಿಯಾದರು. ಅಧಿಕಾರದಲ್ಲಿದ್ದಾಗ ಹತ್ಯೆಗೊಳಗಾದ ಬ್ರಿಟಿಷ್ ಪ್ರಧಾನಿ ಅವರೊಬ್ಬರೇ.

ಹೆಸರುಗಳ ಜೊತೆಗೆ ಇಸವಿಯನ್ನೂ ನೋಡಿ ಎಂಬುದು ನಮ್ಮ ಒತ್ತಾಯ. ಗೊಡ್ರಿಚ್, ಪೀಲ್, ಅಬರ್ಡೀನ್, ಪಾಮರ್‌ಸ್ಟನ್ ನಾಲ್ವರೂ ಜೋಸೆಫ್ ಡ್ರೂರಿ ಎಂಬ ಒಬ್ಬನೇ ಹೆಡ್‌ಮಾಸ್ಟರ್‌ನ (1785–1805) ಕೈಕೆಳಗೆ ಓದಿದವರು. ಕವಿ ಬೈರನ್ ಕೂಡ ಡ್ರೂರಿಯ ಶಿಷ್ಯನೇ. ಆ ಕಾಲದಲ್ಲಿ ಹ್ಯಾರೋ ಶ್ರೀಮಂತ ಮನೆತನಗಳ ಮೆಚ್ಚಿನ ಶಾಲೆಯಾಗಿತ್ತು. ತಂದೆ, ಮಾವ, ಚಿಕ್ಕಪ್ಪ ಎಲ್ಲರೂ ಸಂಸತ್ತಿನಲ್ಲಿದ್ದವರ ಮಕ್ಕಳೇ ಅಲ್ಲಿಗೆ ಬರುತ್ತಿದ್ದರು. ಅವರು ಮುಂದೆ ಮಂತ್ರಿಗಳಾದದ್ದರಲ್ಲಿ ಶಾಲೆಯ ಪಾಠಕ್ಕಿಂತ ಮನೆತನದ ಪಾಲು ದೊಡ್ಡದು. ಮುಂದಿನ ಕೆಲವು ದಶಕಗಳಲ್ಲಿ ಶಾಲೆ ಸೊರಗಿತು. 1840ರ ದಶಕದ ನಡುವೆ ಹುಡುಗರ ಸಂಖ್ಯೆ ನೂರಕ್ಕಿಂತಲೂ ಕೆಳಗೆ ಬಿತ್ತು. 1845ರಲ್ಲಿ ಬಂದ ಹೆಡ್‌ಮಾಸ್ಟರ್ ವಾನ್ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು.

ನೆಹರು ಎಷ್ಟು ವರ್ಷ ಇಲ್ಲಿದ್ದರು?

ಎರಡೇ ವರ್ಷ. 1905ರಲ್ಲಿ ಸೇರಿ 1907ರಲ್ಲಿ ಬಿಟ್ಟು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು. ಸೇರುವಾಗ ಹದಿನೈದು ದಾಟಿತ್ತು, ಸಾಮಾನ್ಯವಾಗಿ ಸೇರುವ ವಯಸ್ಸಿಗಿಂತ ಸ್ವಲ್ಪ ಹೆಚ್ಚೇ. ಹೆಡ್‌ಮಾಸ್ಟರ್ಸ್ ಎಂಬ ಹೌಸ್‌ನಲ್ಲಿದ್ದರು, ಆಗ ಹೆಡ್‌ಮಾಸ್ಟರ್ ಆಗಿದ್ದವರು ಜೋಸೆಫ್ ವುಡ್. ಅದೇ ಕಾಲಕ್ಕೆ ಬರೋಡದ ಗಾಯಕವಾಡರ ಮಗ, ಕಪೂರ್ತಲದ ಯುವರಾಜ ಮುಂತಾಗಿ ನಾಲ್ಕಾರು ಭಾರತೀಯ ಹುಡುಗರು ಶಾಲೆಯಲ್ಲಿದ್ದರು.

ಬ್ರಿಟನ್ನಿನಲ್ಲಿ ಲಿಬರಲ್ ಪಕ್ಷ ಚುನಾವಣೆ ಗೆದ್ದ ಸಮಯ, 1906. ತರಗತಿಯಲ್ಲಿ ಮೇಷ್ಟರು ಹೊಸ ಸರ್ಕಾರದ ಬಗ್ಗೆ ಕೇಳಿದರು. ಹೆಚ್ಚುಕಡಿಮೆ ಇಡೀ ಸಚಿವ ಸಂಪುಟದ ಹೆಸರುಗಳನ್ನು ಹೇಳಿದ್ದು ಅಲಹಾಬಾದಿನ ಈ ಹುಡುಗ ಮಾತ್ರ. ಓದಿನಲ್ಲಿ ಚೆನ್ನಾಗಿದ್ದುದಕ್ಕೆ ಅವರಿಗೆ ಬಹುಮಾನವಾಗಿ ಸಿಕ್ಕಿದ್ದು ಇಟಲಿಯ ಗ್ಯಾರಿಬಾಲ್ಡಿ ಕುರಿತ ಪುಸ್ತಕ. ಅದನ್ನು ಬರೆದ ಇತಿಹಾಸಕಾರ ಜಿ. ಎಂ. ಟ್ರೆವೆಲಿಯನ್ ಕೂಡ ಹ್ಯಾರೋದ ಹಳೆಯ ವಿದ್ಯಾರ್ಥಿ. ಪರಕೀಯರ ಆಳ್ವಿಕೆಯ ವಿರುದ್ಧ ನಡೆದ ಹೋರಾಟದ ಕಥೆ ಆ ಹುಡುಗನ ಕೈಗೆ ಸಿಕ್ಕಿದ್ದು ಈ ಶಾಲೆಯ ಬಹುಮಾನವಾಗಿ. ಅದನ್ನು ಓದುವಾಗ ಇಂಡಿಯಾದಲ್ಲೂ ಅಂಥದೇ ಹೋರಾಟ ಕಣ್ಣಿಗೆ ಕಟ್ಟಿತೆಂದು ನೆಹರು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಚರ್ಚಿಲ್ ಶಾಲೆಯಲ್ಲಿ ದಡ್ಡರಾಗಿದ್ದರು ಎನ್ನುತ್ತಾರಲ್ಲ?

ಅರ್ಧ ನಿಜ, ಮತ್ತು ಆ ಕಥೆಯನ್ನು ಹಬ್ಬಿಸಿದವರು ಸ್ವತಃ ಚರ್ಚಿಲ್. 1888ರ ಪ್ರವೇಶ ಪರೀಕ್ಷೆಯ ಲ್ಯಾಟಿನ್ ಪತ್ರಿಕೆಯಲ್ಲಿ ತಮ್ಮ ಹೆಸರು, ಮೊದಲ ಪ್ರಶ್ನೆಯ ಸಂಖ್ಯೆ, ಅದಕ್ಕೊಂದು ಕಂಸ, ಒಂದಿಷ್ಟು ಮಸಿ ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ ಎಂದು ಬರೆದುಕೊಂಡಿದ್ದಾರೆ. ಕೆಳಗಿನ ತರಗತಿಯಲ್ಲೇ ಬಹುಕಾಲ ಉಳಿದದ್ದೂ ಹೌದು. ಅಲ್ಲಿ ಲ್ಯಾಟಿನ್, ಗ್ರೀಕ್ ಬದಲು ರಾಬರ್ಟ್ ಸಾಮರ್ವೆಲ್ ಎಂಬ ಮೇಷ್ಟರು ಇಂಗ್ಲಿಷ್ ವಾಕ್ಯಗಳನ್ನು ಬಿಡಿಸಿ ಬಿಡಿಸಿ ಕಲಿಸಿದರು. ಆದರೆ ಇದೇ ಹುಡುಗ ಮೆಕಾಲೆಯ ಪದ್ಯಗಳ 1200 ಸಾಲುಗಳನ್ನು ತಪ್ಪಿಲ್ಲದೆ ಒಪ್ಪಿಸಿ ಬಹುಮಾನ ಪಡೆದ. 1892ರಲ್ಲಿ ಪಬ್ಲಿಕ್ ಶಾಲೆಗಳೆಂದು ಕರೆಯುವ ಹಳೆಯ ಖಾಸಗಿ ಶಾಲೆಗಳ ನಡುವಿನ ಕತ್ತಿವರಸೆ ಸ್ಪರ್ಧೆ ಗೆದ್ದ. ಸ್ಯಾಂಡ್‌ಹರ್ಸ್ಟ್ ಸೇನಾ ಶಾಲೆಯ ಪರೀಕ್ಷೆ ಪಾಸಾದದ್ದು ಮೂರನೇ ಸಲ, ಅದೂ ಹ್ಯಾರೋ ಬಿಟ್ಟು ಟ್ಯೂಷನ್ ಸೇರಿದ ಮೇಲೆ.

ಬೆಂಗಳೂರಿನ ಓದುಗರಿಗೆ ಮುಂದಿನ ಕಥೆ ಗೊತ್ತಿರುತ್ತದೆ. 1896ರ ಅಕ್ಟೋಬರಿನಲ್ಲಿ ನಾಲ್ಕನೇ ಹುಸಾರ್ಸ್ ಅಶ್ವದಳದ ಜೊತೆ ಅವರು ಬೆಂಗಳೂರು ದಂಡಿಗೆ ಬಂದರು. ಶಾಲೆಯಲ್ಲಿ ಓದದೆ ಬಿಟ್ಟದ್ದನ್ನೆಲ್ಲ ಇಲ್ಲಿನ ಬಂಗಲೆಯಲ್ಲಿ ಮಧ್ಯಾಹ್ನದ ಹೊತ್ತು ಓದಿದರು, ಗಿಬ್ಬನ್ ಮತ್ತು ಮೆಕಾಲೆಯ ಇತಿಹಾಸಗಳನ್ನು ಮುಗಿಸಿದರು, ಗುಲಾಬಿ ಬೆಳೆಸಿದರು, ಚಿಟ್ಟೆ ಹಿಡಿದರು. ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ ವಸೂಲಾಗದ ಬಾಕಿಗಳ ಸಾಲಿನಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಇದೆ. ಅವರು ನಿಜವಾಗಿ ಓದಿದ್ದು ಹ್ಯಾರೋದಲ್ಲಲ್ಲ, ಬೆಂಗಳೂರಿನಲ್ಲಿ ಎಂದರೆ ಅತಿಶಯವಾಗದು.

ಭಾರತದ ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಈ ಶಾಲೆಯವರು ಎಲ್ಲೆಲ್ಲಿದ್ದರು?

1942ರ ಆಗಸ್ಟ್ ತೆಗೆದುಕೊಳ್ಳಿ. ಪ್ರಧಾನಿ ಚರ್ಚಿಲ್. ಇಂಡಿಯಾ ವ್ಯವಹಾರಗಳ ಮಂತ್ರಿ ಲಿಯೋ ಏಮರಿ, ಚರ್ಚಿಲ್ ಇದ್ದಾಗಲೇ ಹ್ಯಾರೋದಲ್ಲಿದ್ದವರು. ಶಾಲೆಯ ಡಕರ್ ಎಂಬ ಬಯಲು ಈಜುಕೊಳದ ದಂಡೆಯಲ್ಲಿ ನಿಂತಿದ್ದ ಗಿಡ್ಡ ದೇಹದ ಏಮರಿಯನ್ನು ಕಿರಿಯ ಹುಡುಗನೆಂದುಕೊಂಡು ಚರ್ಚಿಲ್ ನೀರಿಗೆ ನೂಕಿದ್ದರು. ಏಮರಿ ಮೇಲಿನ ತರಗತಿಯವರೆಂದು ಆಮೇಲೆ ಗೊತ್ತಾಗಿ ಕ್ಷಮೆ ಕೇಳಬೇಕಾಯಿತು. ಇವರಿಬ್ಬರೂ ಲಂಡನ್ನಿನಲ್ಲಿ ಅಧಿಕಾರದಲ್ಲಿರುವಾಗ ಅದೇ ಶಾಲೆಯ ಮೂರನೆಯವರು, ನೆಹರು, ಅಹಮದ್‌ನಗರ ಕೋಟೆಯಲ್ಲಿ ಸೆರೆಯಲ್ಲಿದ್ದರು. ಬಂಗಾಳದ 1943ರ ಬರಗಾಲದಲ್ಲಿ ಧಾನ್ಯ ಸಾಗಿಸಲು ಹಡಗು ಕೊಡಿ ಎಂದು ಏಮರಿ ಚರ್ಚಿಲ್ ಸಂಪುಟವನ್ನು ಮತ್ತೆ ಮತ್ತೆ ಕೇಳಿದ್ದು, ಸಾಕಾಗುವಷ್ಟು ಸಿಗದೇ ಹೋದದ್ದು ದಾಖಲಾಗಿದೆ.

ಅಂದರೆ ನಲವತ್ತು ಕೋಟಿ ಜನರ ಹಣೆಬರಹವನ್ನು ಕುರಿತ ವಾದದ ಎರಡೂ ಕಡೆ ಒಂದೇ ಗುಡ್ಡದ ಶಾಲೆಯವರಿದ್ದರು. ಹೆಸರುಗಳನ್ನಷ್ಟೇ ಪಟ್ಟಿ ಮಾಡುವವರಿಗೆ ಇದು ಕಾಣಿಸುವುದಿಲ್ಲ.

ಕರ್ನಾಟಕದ ಇತಿಹಾಸಕ್ಕೆ ಸಂಬಂಧಪಟ್ಟ ಹ್ಯಾರೋವಿಯನ್ನರು ಯಾರು?

ಮೊದಲು ರಿಚರ್ಡ್ ವೆಲ್ಲೆಸ್ಲಿ. 1798ರಿಂದ 1805ರವರೆಗೆ ಗವರ್ನರ್ ಜನರಲ್ ಆಗಿದ್ದು, ಟಿಪ್ಪು ಸುಲ್ತಾನ್ ಮಡಿದ ನಾಲ್ಕನೇ ಮೈಸೂರು ಯುದ್ಧವನ್ನು (1799) ಯೋಜಿಸಿ ನಡೆಸಿದವರು ಇವರು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ ಸಂಸ್ಥಾನವನ್ನು ಕಂಪನಿಯ ಹಿಡಿತಕ್ಕೆ ತಂದ ಒಪ್ಪಂದವೂ ಇವರ ಕಾಲದ್ದು. ಹ್ಯಾರೋದಲ್ಲಿ ಇವರು ಪೂರ್ತಿ ಓದಲಿಲ್ಲ. 1771ರಲ್ಲಿ ಮೆಚ್ಚಿನ ಮೇಷ್ಟರು ಸ್ಯಾಮ್ಯುಯೆಲ್ ಪಾರ್ ಅವರನ್ನು ಬಿಟ್ಟು ಈಟನ್ನಿನಿಂದ ಬಂದವರೊಬ್ಬರನ್ನು ಹೆಡ್‌ಮಾಸ್ಟರ್ ಮಾಡಿದಾಗ ಹುಡುಗರು ದಂಗೆ ಎದ್ದರು. ಅದರಲ್ಲಿ ಸೇರಿದ್ದ ವೆಲ್ಲೆಸ್ಲಿಯನ್ನು ಶಾಲೆಯಿಂದ ತೆಗೆದು ಈಟನ್ನಿಗೆ ಸೇರಿಸಲಾಯಿತು. ಹೀಗಾಗಿ ಅವರ ಹೆಸರು ಎರಡೂ ಶಾಲೆಗಳ ಪಟ್ಟಿಯಲ್ಲಿದೆ, ಎರಡೂ ಸರಿ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ತಮ್ಮ ಆರ್ಥರ್, ಮುಂದೆ ವೆಲಿಂಗ್ಟನ್ ಡ್ಯೂಕ್ ಆದವರು, ಹ್ಯಾರೋದವರಲ್ಲ, ಈಟನ್ನಿನವರು. ಅಣ್ಣತಮ್ಮಂದಿರನ್ನು ಅದಲುಬದಲು ಮಾಡುವುದು ನಾವು ಅತಿ ಹೆಚ್ಚು ಕಾಣುವ ತಪ್ಪು.

ಎರಡನೆಯವರು ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸ್ (1813–1823). 1817–18ರ ಮರಾಠಾ ಯುದ್ಧ ಇವರದು. ಪೇಶ್ವೆಯ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿಯ ಕೈಗೆ ಬಂದದ್ದು ಆ ಯುದ್ಧದಿಂದ. ವಾರನ್ ಹೇಸ್ಟಿಂಗ್ಸ್ ಬೇರೆ ಮನುಷ್ಯ, ಓದಿದ್ದು ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ.

ಲಾರ್ಡ್ ಲಿಟ್ಟನ್ 1876ರಿಂದ 1880ರವರೆಗೆ ವೈಸ್‌ರಾಯ್. 1876–78ರ ಬರದಲ್ಲಿ ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಸತ್ತರೆಂದು ಅಂದಾಜು. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಬಳ್ಳಾರಿ ಸೀಮೆಯ ಪಾಡೂ ಅಷ್ಟೇ ಘೋರ. ಅದೇ ಹೊತ್ತಿಗೆ, 1877ರ ಜನವರಿ 1ರಂದು, ಲಿಟ್ಟನ್ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಸಿದರು. ಹಳೆಯ ವಿದ್ಯಾರ್ಥಿಗಳ ಪಟ್ಟಿಗಳಲ್ಲಿ ಇವರ ಹೆಸರಿನ ಮುಂದೆ ‘ವೈಸ್‌ರಾಯ್ ಮತ್ತು ಕವಿ’ ಎಂದಷ್ಟೇ ಬರೆದರೆ ಅದು ಅನ್ಯಾಯ. ಬರವನ್ನೂ ಬರೆಯಬೇಕು.

ಗವರ್ನರ್ ಜನರಲ್‌ಗಳಾಗಿದ್ದ ಜಾನ್ ಶೋರ್, ಲಾರ್ಡ್ ಡಾಲ್‌ಹೌಸಿ, 1910–16ರಲ್ಲಿ ವೈಸ್‌ರಾಯ್ ಆಗಿದ್ದ ಲಾರ್ಡ್ ಹಾರ್ಡಿಂಜ್ ಕೂಡ ಇದೇ ಶಾಲೆಯವರು. ಮೈಸೂರಿನ ಹಾರ್ಡಿಂಜ್ ಸರ್ಕಲ್‌ನ ಹೆಸರು ಈ ಹಾರ್ಡಿಂಜ್‌ರದು. 1840ರ ದಶಕದಲ್ಲಿ ಗವರ್ನರ್ ಜನರಲ್ ಆಗಿದ್ದ ಹೆನ್ರಿ ಹಾರ್ಡಿಂಜ್ ಇವರ ಅಜ್ಜ.

ಸಂಸ್ಕೃತದ ವಿಲಿಯಂ ಜೋನ್ಸ್ ಇಲ್ಲಿಯವರೇ?

ಹೌದು. 1753ರಲ್ಲಿ, ಏಳರ ಹರೆಯದಲ್ಲಿ ಸೇರಿದರು. 1784ರಲ್ಲಿ ಕಲ್ಕತ್ತಾದಲ್ಲಿ ಏಷ್ಯಾಟಿಕ್ ಸೊಸೈಟಿ ಸ್ಥಾಪಿಸಿದರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಎಂದು 1786ರ ಭಾಷಣದಲ್ಲಿ ಹೇಳಿದರು. 1789ರಲ್ಲಿ ಕಾಳಿದಾಸನ ಶಾಕುಂತಲವನ್ನು ಇಂಗ್ಲಿಷಿಗೆ ತಂದರು. ಕನ್ನಡ, ತಮಿಳು, ತೆಲುಗು ಬೇರೆಯದೇ ಕುಟುಂಬ ಎಂದು 1816ರಲ್ಲಿ ತೋರಿಸಿಕೊಟ್ಟ ಮದರಾಸಿನ ಎಲ್ಲಿಸ್ ಅವರ ಕೆಲಸವನ್ನೂ ಜೋನ್ಸ್ ಖಾತೆಗೆ ಹಾಕುವುದುಂಟು, ಅದು ತಪ್ಪು.

ಬೈರನ್ ನಿಜಕ್ಕೂ ಲಾರ್ಡ್ಸ್‌ನಲ್ಲಿ ಕ್ರಿಕೆಟ್ ಆಡಿದನೇ?

ಆಡಿದ್ದಾನೆ. 1805ರಲ್ಲಿ ಈಟನ್ ವಿರುದ್ಧ, ಆಗಿನ ಹಳೆಯ ಲಾರ್ಡ್ಸ್ ಮೈದಾನದಲ್ಲಿ. ಕಾಲು ಊನವಾಗಿದ್ದರಿಂದ ಅವನ ಪರವಾಗಿ ಓಡಲು ಬೇರೊಬ್ಬನಿದ್ದ. ತಾನು 11 ಮತ್ತು 7 ರನ್ ಹೊಡೆದೆನೆಂದು ಗೆಳೆಯನಿಗೆ ಪತ್ರ ಬರೆದ. ಉಳಿದಿರುವ ಸ್ಕೋರ್ ಪಟ್ಟಿಯಲ್ಲಿ ಇರುವುದು 7 ಮತ್ತು 2. ಹ್ಯಾರೋ ಇನ್ನಿಂಗ್ಸ್ ಅಂತರದಲ್ಲಿ ಸೋತಿತು. ಪ್ರಸಿದ್ಧರು ತಮ್ಮ ಶಾಲಾ ದಿನಗಳ ಬಗ್ಗೆ ತಾವೇ ಹೇಳಿದ್ದನ್ನೂ ತಾಳೆ ನೋಡಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಬೈರನ್ (1801–1805) ಗುಡ್ಡದ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಪೀಚಿ ಎಂಬುವರ ಗೋರಿಯ ಮೇಲೆ ಗಂಟೆಗಟ್ಟಲೆ ಮಲಗಿ ಬಯಲು ನೋಡುತ್ತಿದ್ದ. 1822ರಲ್ಲಿ ಐದು ವರ್ಷದ ಮಗಳು ಅಲೆಗ್ರಾ ಇಟಲಿಯಲ್ಲಿ ತೀರಿಕೊಂಡಾಗ ಅವಳನ್ನು ಈ ಚರ್ಚಿನಲ್ಲೇ ಮಣ್ಣು ಮಾಡಿಸಿದ. ಮದುವೆಯಾಚೆ ಹುಟ್ಟಿದ ಮಗು ಎಂಬ ಕಾರಣಕ್ಕೆ ಹೆಸರಿನ ಕಲ್ಲು ಹಾಕಲು ಆಗ ಬಿಡಲಿಲ್ಲ.

ಬಡವರ ಮಕ್ಕಳಿಗಾಗಿ ಕಟ್ಟಿದ ಶಾಲೆ ಶ್ರೀಮಂತರದ್ದಾಗಿದ್ದು ಹೇಗೆ?

ಜಾನ್ ಲಿಯಾನ್‌ನ ನಿಯಮಾವಳಿಯಲ್ಲೇ ಇದರ ಬೀಜವಿದೆ. ಹ್ಯಾರೋ ಪ್ಯಾರಿಷ್‌ನ ಹುಡುಗರಿಗೆ, ಅಂದರೆ ಊರಿನ ಚರ್ಚಿನ ಸೀಮೆಗೆ ಸೇರಿದವರಿಗೆ, ಉಚಿತ ಪಾಠ. ಮೇಷ್ಟರು ಬೇಕಾದರೆ ಹೊರಗಿನವರನ್ನೂ ಹಣ ಪಡೆದು ಸೇರಿಸಿಕೊಳ್ಳಬಹುದು. ಮೇಷ್ಟರ ಆದಾಯ ಹೊರಗಿನವರಿಂದ ಬರುತ್ತಿದ್ದುದರಿಂದ ಅವರ ಸಂಖ್ಯೆ ಬೆಳೆಯಿತು, ಊರಿನವರು ಮೂಲೆಗೆ ಸರಿದರು. ಊರಿನವರು ಕೋರ್ಟಿಗೂ ಹೋದರು, 1810ರ ತೀರ್ಪು ಅವರಿಗೆ ಅನುಕೂಲವಾಗಲಿಲ್ಲ.

ಕಾದಂಬರಿಕಾರ ಆಂಟನಿ ಟ್ರಾಲಪ್ ಇದರ ಪೆಟ್ಟು ತಿಂದವರು. ಅಪ್ಪ ಹ್ಯಾರೋದಲ್ಲಿ ಜಮೀನು ಗುತ್ತಿಗೆ ಹಿಡಿದು ನೆಲೆಸಿದ್ದರಿಂದ ಮಗ ಉಚಿತ ವಿದ್ಯಾರ್ಥಿ. ದಿನವೂ ಕೆಸರಿನ ದಾರಿಯಲ್ಲಿ ನಡೆದು ಬರುವ ಹುಡುಗನ ಬೂಟು, ಬಟ್ಟೆ ನೋಡಿ ಸಿರಿವಂತರ ಮಕ್ಕಳು ಹೀಯಾಳಿಸುತ್ತಿದ್ದರು. ಮುದುಕರಾದ ಮೇಲೂ ಆ ನೋವು ಅವರ ಬರಹದಲ್ಲಿ ಹಸಿಯಾಗಿಯೇ ಇದೆ.

ಅದೇ ಗುಡ್ಡದಲ್ಲಿ ಇನ್ನೊಬ್ಬ ಹುಡುಗ, ಮುಂದೆ ಏಳನೇ ಅರ್ಲ್ ಆಫ್ ಷಾಫ್ಟ್ಸ್‌ಬರಿ ಆದವರು, ಕುಡಿದ ಅಮಲಿನಲ್ಲಿದ್ದವರು ಒಬ್ಬ ಬಡವನ ಶವಪೆಟ್ಟಿಗೆಯನ್ನು ಹೊರಲಾರದೆ ಕೆಳಗೆ ಬೀಳಿಸಿ ಬೈದಾಡುವುದನ್ನು ನೋಡಿದರು. ಬಡವರ ಪರ ನಿಲ್ಲುವ ಸಂಕಲ್ಪ ಅಲ್ಲಿ ಹುಟ್ಟಿತೆಂದು ಮುಂದೆ ಹೇಳಿದರು. ಗಣಿಗಳ ಒಳಗೆ ಹೆಂಗಸರು, ಚಿಕ್ಕ ಮಕ್ಕಳು ದುಡಿಯುವುದನ್ನು ನಿಲ್ಲಿಸಿದ 1842ರ ಕಾಯ್ದೆ ಅವರ ಹೋರಾಟದ ಫಲ. ಆ ಜಾಗದಲ್ಲಿ ಈಗ ಫಲಕವಿದೆ. ಇಡೀ ಪಟ್ಟಿಯಲ್ಲಿ ಒಬ್ಬರನ್ನೇ ಆರಿಸಿ ಎಂದರೆ ನಾವು ಇವರನ್ನೇ ಆರಿಸುತ್ತೇವೆ.

ನೊಬೆಲ್ ಪಡೆದವರಿದ್ದಾರೆಯೇ?

ಮೂವರು: ಆರ್ಗಾನ್ ಕಂಡುಹಿಡಿದ ಲಾರ್ಡ್ ರೇಲಿ (ಭೌತಶಾಸ್ತ್ರ, 1904), ಜಾನ್ ಗಾಲ್ಸ್‌ವರ್ದಿ (ಸಾಹಿತ್ಯ, 1932), ಚರ್ಚಿಲ್ (ಸಾಹಿತ್ಯ, 1953). ರೇಲಿ ಅನಾರೋಗ್ಯದಿಂದ ಇಲ್ಲಿ ಇದ್ದದ್ದು ತೀರಾ ಸ್ವಲ್ಪ ಕಾಲ. ನೊಬೆಲ್ ಇಲ್ಲದಿದ್ದರೂ ಮರೆಯಬಾರದವರು ಛಾಯಾಚಿತ್ರದ ನೆಗೆಟಿವ್ ವಿಧಾನ ರೂಪಿಸಿದ ಫಾಕ್ಸ್ ಟಾಲ್ಬಟ್ ಮತ್ತು ಕ್ರೀಟ್ ದ್ವೀಪದ ಕ್ನಾಸಸ್ ಅರಮನೆಯನ್ನು ಅಗೆದ ಆರ್ಥರ್ ಈವಾನ್ಸ್.

ಕ್ರಿಕೆಟಿಗರು?

ಆರ್ಚಿ ಮೆಕ್ಲಾರೆನ್, ಮತ್ತು 1905ರ ಆ್ಯಶಸ್ ಗೆದ್ದ ನಾಯಕ ಎಫ್. ಎಸ್. ಜಾಕ್ಸನ್. ಜಾಕ್ಸನ್ ಮುಂದೆ ಬಂಗಾಳದ ಗವರ್ನರ್ ಆದರು. 1932ರ ಫೆಬ್ರವರಿ 6ರಂದು ಕಲ್ಕತ್ತಾ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಕ್ರಾಂತಿಕಾರಿ ಬೀನಾ ದಾಸ್ ಅವರತ್ತ ಗುಂಡು ಹಾರಿಸಿದರು, ಜಾಕ್ಸನ್ ಪಾರಾದರು.

ಈಗಿನ ಕಾಲದವರು?

ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್, ಗಾಯಕ ಜೇಮ್ಸ್ ಬ್ಲಂಟ್, ಚಿತ್ರಕಥೆಗಾರ ರಿಚರ್ಡ್ ಕರ್ಟಿಸ್. ಸ್ವಲ್ಪ ಹಿಂದೆ ಹೋದರೆ ಜೋರ್ಡಾನಿನ ದೊರೆ ಹುಸೇನ್ ಮತ್ತು ಇರಾಕಿನ ದೊರೆ ಎರಡನೇ ಫೈಸಲ್, ಹತ್ತಿರದ ಸಂಬಂಧಿಗಳು. ಫೈಸಲ್ 1958ರ ಜುಲೈ 14ರ ಕ್ರಾಂತಿಯಲ್ಲಿ ಕೊಲ್ಲಲ್ಪಟ್ಟರು.

ಒಬ್ಬರು ಹ್ಯಾರೋದಲ್ಲಿ ಓದಿದ್ದಾರೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಮೊದಲು ಅವರು ಹುಡುಗರಾಗಿದ್ದಾಗಿನ ಹೆಸರು ಹುಡುಕಿ. ಪದವಿಯ ಹೆಸರಲ್ಲಿ ಹುಡುಕಿ ಸಿಗಲಿಲ್ಲವೆಂದು ಕೈಬಿಡುವವರೇ ಹೆಚ್ಚು. ಪಾಮರ್‌ಸ್ಟನ್ ಆಗ ಹೆನ್ರಿ ಟೆಂಪಲ್, ಗೊಡ್ರಿಚ್ ಆಗ ಫ್ರೆಡರಿಕ್ ರಾಬಿನ್ಸನ್, ಷಾಫ್ಟ್ಸ್‌ಬರಿ ಆಗ ಲಾರ್ಡ್ ಆ್ಯಶ್ಲಿ, ಡಾಲ್‌ಹೌಸಿಯ ಮನೆತನದ ಹೆಸರು ರ‍್ಯಾಮ್ಸೆ, ಲಾರ್ಡ್ ಹೇಸ್ಟಿಂಗ್ಸ್ ರಾಡನ್. ‘ಜಾರ್ಜ್ ಗಾರ್ಡನ್’ ಎಂದು ಕಂಡರೆ ಎಚ್ಚರ: ಬೈರನ್‌ನ ಹೆಸರೂ ಅದೇ, ಅಬರ್ಡೀನ್‌ರ ಹೆಸರೂ ಅದೇ.

ಆಮೇಲೆ ಶಾಲೆಯ ರಿಜಿಸ್ಟರ್. ಅಚ್ಚಾದ ಹಳೆಯ ಸಂಪುಟಗಳಲ್ಲಿ 1800ಕ್ಕೆ ಮುಂಚಿನವರದ್ದು ಒಂದು, 1800–1911ರದ್ದು ಇನ್ನೊಂದು, ಅನಂತರದವೂ ಇವೆ. ಮೊದಲನೆಯದು ಚೂರುಪಾರು ದಾಖಲೆಗಳಿಂದ ಕೂಡಿಸಿದ್ದು. ಅದರಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಓದಿಲ್ಲ ಎನ್ನುವಂತಿಲ್ಲ. ಎರಡನೆಯದರಲ್ಲಿ ಹೌಸ್‌ಗಳನ್ನು ಹಲವು ಕಡೆ ಮೇಷ್ಟರ ಹೆಸರಿನಿಂದ ಗುರುತಿಸಿರುತ್ತಾರೆ, ಈಗಿನ ಹೌಸ್‌ಗಳ ಹೆಸರು ಹುಡುಕಿದರೆ ಸಿಗದು. ಹೊಸ ಪಟ್ಟಿಗಳಲ್ಲಿ ಇಸವಿಯ ತಲೆಯ ಮೇಲೆ ಪುಟ್ಟ ಅಂಕಿ ಇರುತ್ತದೆ. 1988³ ಎಂದರೆ ಆ ವರ್ಷದ ಮೂರನೇ ಟರ್ಮ್, ಅಂದರೆ ಸೆಪ್ಟೆಂಬರಿನಲ್ಲಿ ಸೇರಿದವರು. ಅದನ್ನು ಅಡಿಟಿಪ್ಪಣಿ ಸಂಖ್ಯೆ ಎಂದು ತಿಳಿದು ಅಳಿಸಿಬಿಡುವವರಿದ್ದಾರೆ. ಕೊನೆಗೆ ವಯಸ್ಸು ಲೆಕ್ಕ ಹಾಕಿ. ಈಗ ಸೇರುವುದು ಹೆಚ್ಚಾಗಿ ಹದಿಮೂರಕ್ಕೆ, 18ನೇ ಶತಮಾನದಲ್ಲಿ ಏಳೆಂಟಕ್ಕೂ ಸೇರುತ್ತಿದ್ದರು.

ಯಾವ ಶಾಲೆಗಳ ಜೊತೆ ಗೊಂದಲವಾಗುತ್ತದೆ?

ಹ್ಯಾರೋ ಕೌಂಟಿ ಶಾಲೆ ಬೇರೆ. ಅದು ಸರ್ಕಾರಿ ಗ್ರಾಮರ್ ಶಾಲೆಯಾಗಿತ್ತು, ನೊಬೆಲ್ ವಿಜ್ಞಾನಿ ಪಾಲ್ ನರ್ಸ್, ರಾಜಕಾರಣಿ ಮೈಕೆಲ್ ಪೋರ್ಟಿಲೊ ಅಲ್ಲಿಯವರು. ಅದೇ ಗುಡ್ಡದಲ್ಲಿರುವ ಜಾನ್ ಲಿಯಾನ್ ಶಾಲೆಯೂ ಬೇರೆ. ಊರಿನ ಹುಡುಗರಿಗಾಗಿ 1876ರಲ್ಲಿ ಶುರುವಾದದ್ದು ಅದು. ‘ಹ್ಯಾರೋದಲ್ಲಿ ಓದಿದರು’ ಎಂಬ ವಾಕ್ಯ ಊರಿಗೂ ಹೊಂದುತ್ತದೆ, ಶಾಲೆಗೂ ಹೊಂದುತ್ತದೆ. ಅನುಮಾನ ಬಂದರೆ ಹೌಸ್ ಯಾವುದೆಂದು ನೋಡಿ. ಅರವಿಂದರು ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ, ಅವರನ್ನೂ ಇಲ್ಲಿಗೆ ಸೇರಿಸಬೇಡಿ.

ಬೆಂಗಳೂರಿನ ಹ್ಯಾರೋ ಶಾಲೆಯ ಮಕ್ಕಳೂ ಇದೇ ಪಟ್ಟಿಗೆ ಬರುತ್ತಾರೆಯೇ?

ದೇವನಹಳ್ಳಿ ಕಡೆ 2023ರಲ್ಲಿ ಶುರುವಾದ ಹ್ಯಾರೋ ಇಂಟರ್‌ನ್ಯಾಷನಲ್ ಸ್ಕೂಲ್ ಹೆಸರು ಹಂಚಿಕೊಂಡ ಪ್ರತ್ಯೇಕ ಶಾಲೆ. ಬ್ಯಾಂಕಾಕ್, ಬೀಜಿಂಗ್, ಹಾಂಗ್‌ಕಾಂಗ್‌ಗಳಲ್ಲೂ ಹೀಗೆ ಇವೆ. ಈ ಪುಟದ ಪಟ್ಟಿ ಗುಡ್ಡದ ಶಾಲೆಯದ್ದು ಮಾತ್ರ.

ಹೋಗಿ ನೋಡಬಹುದೇ?

ಲಂಡನ್ ಅಂಡರ್‌ಗ್ರೌಂಡ್ ರೈಲಿನ ಮೆಟ್ರೊಪಾಲಿಟನ್ ಲೈನಿನಲ್ಲಿ ಹ್ಯಾರೋ ಆನ್ ದ ಹಿಲ್ ನಿಲ್ದಾಣಕ್ಕೆ ಇಳಿದು ಏರು ದಾರಿಯಲ್ಲಿ ನಡೆಯಬೇಕು. ಚರ್ಚಿನ ಅಂಗಳ ತೆರೆದಿರುತ್ತದೆ. ಹಳೆಯ ಕಟ್ಟಡದ ಫೋರ್ತ್ ಫಾರ್ಮ್ ರೂಮ್ ನೋಡಲು ಶಾಲೆಯೇ ನಡೆಸುವ ಪ್ರವಾಸಕ್ಕೆ ಮುಂಚೆಯೇ ಹೆಸರು ಕೊಟ್ಟಿರಬೇಕು. ಸುಮ್ಮನೆ ಹೋದರೆ ಒಳಗೆ ಬಿಡುವುದಿಲ್ಲ. ಆ ಕೋಣೆಯ ಗೋಡೆಗೆ ಹೊಂದಿಸಿದ ಓಕ್ ಹಲಗೆಗಳಲ್ಲಿ ಬೈರನ್, ಪೀಲ್ ಮೊದಲಾದವರ ಹೆಸರುಗಳು ಚಾಕುವಿನಲ್ಲಿ ಆಳವಾಗಿ ಕೊರೆದು ನಿಂತಿವೆ. ಸಾಲು ಬಿಡದೆ ನೂರಾರು ಹೆಸರುಗಳಿರುವುದರಿಂದ ಬೇಕಾದ್ದನ್ನು ನೀವಾಗಿ ಹುಡುಕುವುದು ಕಷ್ಟ, ಮಾರ್ಗದರ್ಶಿಯನ್ನು ಕೇಳಿ.